15 ಹಾಸಿಗೆಗಾಗಿ ಮೂರು ವರ್ಷದ ಓಡಾಟ

2025ರ ಮಾರ್ಚ್ 28ರ ಮಧ್ಯಾಹ್ನ ನನ್ನ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಆಗ ನಾನು ನಮ್ಮ ಕುಡಿತ ಬಿಡಿಸುವ ಕೇಂದ್ರದ ಅಡುಗೆಮನೆಯಲ್ಲಿ ರಾತ್ರಿಯ ಗಂಜಿಗೆ ಕುಚ್ಚಲಕ್ಕಿ ಅಳೆಯುತ್ತಿದ್ದೆ. ಕೈ ಒರೆಸಿಕೊಂಡು ನೋಡಿದೆ. ಅನುದಾನದ ಮೊದಲ ಕಂತು ಜಮಾ ಆಗಿತ್ತು. ಮೂರು ಸಲ ಓದಿದೆ. ಆಮೇಲೆ ನಮ್ಮ ಲೆಕ್ಕ ನೋಡುವ ಹುಡುಗನನ್ನು ಕರೆದು, ‘ಇದು ನಮ್ಮದೇ ಖಾತೆ ಹೌದಾ ನೋಡು’ ಅಂದೆ. ಅವನು ಕೊನೆಯ ನಾಲ್ಕು ಅಂಕಿ ನೋಡಿ, ‘ಹೌದು ಅಕ್ಕೋರೆ, ನಮ್ಮದೇ’ ಅಂದ. ಇಬ್ಬರೂ ಅಲ್ಲೇ ಅಕ್ಕಿ ಡಬ್ಬಿಯ ಪಕ್ಕ ಕೂತುಬಿಟ್ಟೆವು.

ನಾನು ಉತ್ತರ ಕನ್ನಡದ ಅಂಕೋಲೆ ತಾಲೂಕಿನ ಸಮುದ್ರದ ಬದಿಯ ಊರಿನವಳು. 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದೇನೆ. ಕುಡಿತ ಬಿಡಿಸುವ 15 ಹಾಸಿಗೆಯ ಒಂದು ಕೇಂದ್ರಕ್ಕೆ ಸರ್ಕಾರದ ಹಣ ತರಲು ನಮ್ಮ ಸಣ್ಣ ಟ್ರಸ್ಟಿಗೆ ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ ಸಮಯ ಹಿಡಿಯಿತು. ವಿಷಯ ಗೊತ್ತಾದ ಮೇಲೆ ಹೊನ್ನಾವರದಿಂದ, ಯಲ್ಲಾಪುರದಿಂದ, ಹಳಿಯಾಳದಿಂದ ಫೋನ್ ಬರುತ್ತಿವೆ. ‘ಹೇಗೆ ಮಾಡಿದ್ರಿ, ನಾವೂ ಮಾಡಬೇಕು’ ಅಂತ. ಒಬ್ಬೊಬ್ಬರಿಗೆ ಹೇಳುವಾಗ ಒಂದೊಂದು ಮರೆತು ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಶುರುವಾದದ್ದು ನನ್ನ ತಮ್ಮನಿಂದ.

2019ರ ನವೆಂಬರ್. ತಮ್ಮ ಬೋಟಿನಲ್ಲಿ ಕೆಲಸಕ್ಕೆ ಹೋಗುವವನು. ಹದಿನೈದು ವರ್ಷದ ಕುಡಿತ. ಆ ವರ್ಷ ಅಯ್ಯಪ್ಪನ ಮಾಲೆ ಹಾಕಿದ. ಮಾಲೆ ಹಾಕಿದವನು ಕುಡಿಯುವ ಹಾಗಿಲ್ಲವಲ್ಲ, ಒಂದೇ ದಿನಕ್ಕೆ ಪೂರ್ತಿ ಬಿಟ್ಟ. ನಮಗೆಲ್ಲ ಖುಷಿಯೋ ಖುಷಿ. ಮರುದಿನ ಕೈ ನಡುಗಿತು, ಚಹಾ ಲೋಟ ಹಿಡಿಯಲು ಆಗಲಿಲ್ಲ. ಮೂರನೇ ರಾತ್ರಿ ಎದ್ದು ಕೂತು, ಹಾಸಿಗೆಯ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಬುಟ್ಟಿಗೆ ಹಾಕುವ ಹಾಗೆ ಮಾಡತೊಡಗಿದ. ‘ಎಂತ ಮಾಡ್ತಿದ್ದೀಯೋ’ ಅಂದರೆ, ‘ಬಂಗಡೆ ಅಕ್ಕ, ಬಲೆ ತುಂಬ ಬಂಗಡೆ’ ಅಂದ. ಮೈ ಬೆಂಕಿಯ ಹಾಗೆ ಸುಡುತ್ತಿತ್ತು. ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂತು.

ಸ್ವಾಮಿ ಮೈಮೇಲೆ ಬಂದಿದ್ದಾನೆ ಅಂದರು ಕೆಲವರು. ವ್ರತ ಕೆಟ್ಟಿದೆ ಅಂದರು ಕೆಲವರು. ಮೊದಲು ಹೋದ ಆಸ್ಪತ್ರೆಯಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿ, ‘ಮನೋವೈದ್ಯರಿಲ್ಲ, ಬೇರೆ ಕಡೆ ಕರೆದುಕೊಂಡು ಹೋಗಿ’ ಅಂದರು. ಬೆಳಗಿನ ಜಾವ ಗಾಡಿ ಮಾಡಿಕೊಂಡು ಅರಬೈಲ್ ಘಟ್ಟ ಹತ್ತಿ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋದೆವು. ಹತ್ತಿರ ಹತ್ತಿರ 140 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ನಾನು ಒಂದು ಕಡೆ, ನಮ್ಮ ಚಿಕ್ಕಪ್ಪನ ಮಗ ಒಂದು ಕಡೆ, ನಡುವೆ ತಮ್ಮ. ಅವನ ಕೊರಳಲ್ಲಿ ಇನ್ನೂ ಮಾಲೆ ಇತ್ತು.

ಅಲ್ಲಿಯ ವೈದ್ಯರು ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ತುಂಬಾ ವರ್ಷ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಹೀಗಾಗಬಹುದು, ಇದರಲ್ಲಿ ಜೀವವೂ ಹೋಗಬಹುದು, ಮೊದಲು ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಆಮೇಲೆ ಗ್ಲೂಕೋಸ್ ಹಾಕಬೇಕು ಅಂತ. ನನಗೆ ಆವತ್ತಿನವರೆಗೆ ಇದು ಗೊತ್ತೇ ಇರಲಿಲ್ಲ. ಪ್ರತಿ ವರ್ಷ ನಮ್ಮ ಕರಾವಳಿಯಲ್ಲಿ ಎಷ್ಟು ಜನ ಮಾಲೆ ಹಾಕುತ್ತಾರೆ! ನೀವು ಕೇಂದ್ರ ಮಾಡುತ್ತೀರೋ ಬಿಡುತ್ತೀರೋ, ಇದೊಂದನ್ನು ಮಾತ್ರ ನಿಮ್ಮ ಊರಲ್ಲಿ ಹೇಳಿ. ದಿನಾ ಕುಡಿಯುವವರು ಬಿಡುವ ಮೊದಲು ಡಾಕ್ಟರನ್ನು ಕೇಳಲಿ. ವ್ರತಕ್ಕೆ ಹೊರಟವರಿಗಂತೂ ಹೇಳಲೇಬೇಕು.

ತಮ್ಮ ಬದುಕಿದ. ಆಮೇಲೆ ಎರಡು ಸಲ ಮತ್ತೆ ಕುಡಿದ, ಮತ್ತೆ ಬಿಟ್ಟ. ಈಗ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ.

ವಾಪಸ್ ಬಂದವಳು ಭಾನುವಾರ ಸಂಜೆ ನಮ್ಮ ಟ್ರಸ್ಟಿನ ಕೋಣೆಯ ಬಾಗಿಲು ತೆರೆದು ಕೂರತೊಡಗಿದೆ. ಟ್ರಸ್ಟ್ ಇದ್ದದ್ದು ಮಕ್ಕಳ ಸಂಜೆ ಪಾಠಕ್ಕೆ, 2016ರಲ್ಲಿ ನೋಂದಣಿ ಮಾಡಿಸಿದ್ದೆವು. ಬಂದವರ ಹೆಸರು, ಊರು, ಏನು ತೊಂದರೆ, ಎಲ್ಲಿಗೆ ಕಳಿಸಿದೆವು ಎಂದು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಹಾಜರಿ ಪುಸ್ತಕ ಬರೆದ ಕೈ, ಬರೆಯದೆ ಇರಲು ಆಗುವುದಿಲ್ಲ. ಆಮೇಲೆ ಲಾಕ್‌ಡೌನ್ ಬಂತು. 2020ರ ಮಾರ್ಚ್ ಕೊನೆಯಿಂದ ಮೇ 4ರ ತನಕ ವೈನ್‌ಶಾಪ್‌ಗಳು ಮುಚ್ಚಿದ್ದವು. ಆ ಐದಾರು ವಾರದ ಪುಟಗಳನ್ನು ಈಗ ತಿರುವಿದರೂ ಎದೆ ಹಿಂಡುತ್ತದೆ. ನಡುಕ, ಫಿಟ್ಸ್, ಬಾವಿಗೆ ಹಾರಲು ಹೋದವರು, ಸ್ಯಾನಿಟೈಸರ್ ಕುಡಿದವರು. ಬಸ್ಸಿಲ್ಲ, ಗಾಡಿಗೆ ಪಾಸ್ ಬೇಕು. ತಾಲೂಕು ಆಸ್ಪತ್ರೆಗೆ ಫೋನ್ ಮಾಡುವುದು, ಕಾರವಾರಕ್ಕೆ ಫೋನ್ ಮಾಡುವುದು, ಅಷ್ಟೇ ನಮ್ಮ ಕೈಲಾದದ್ದು.

ಕುಡಿತದ ವಿರುದ್ಧ ಮಾತಾಡುವುದು ನಮ್ಮ ಭಾಗಕ್ಕೆ ಹೊಸದಲ್ಲ. 2025ರ ಫೆಬ್ರವರಿಯಲ್ಲಿ ತೀರಿಕೊಂಡ ಬಡಗೇರಿಯ ಸುಕ್ರಜ್ಜಿ, ಜನಪದ ಹಾಡಿನ ಸುಕ್ರಿ ಬೊಮ್ಮಗೌಡರು, ಹಾಲಕ್ಕಿ ಸಮುದಾಯದ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳು ನಮ್ಮಲ್ಲೂ ಆಗುತ್ತವೆ, ಅದರಿಂದ ಬಿಟ್ಟವರನ್ನು ನಾನೇ ನೋಡಿದ್ದೇನೆ. ಆದರೆ ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಒಬ್ಬನಿಗೆ ನಡುಕ ಬಂದಾಗ ಶಿಬಿರದ ದಿನಾಂಕ ಕಾಯಲು ಆಗುವುದಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟು ಜೀವ ಉಳಿಸುತ್ತಾರೆ, ಐದನೇ ದಿನ ಅದೇ ಮನೆ, ಬೋಟು ನಿಲ್ಲುವ ಅದೇ ದಕ್ಕೆ, ಅದೇ ಗೆಳೆಯರು. ಗೋವಾ ಬಾಟಲಿಗೇನು, ಗಡಿಯ ಮಾಜಾಳಿ ದಾಟಿದರೆ ಸಿಗುತ್ತದೆ. ನಡುವೆ ಒಂದು ತಿಂಗಳು ಇರಲು ಒಂದು ಜಾಗ ಬೇಕಿತ್ತು.

ಜಿಲ್ಲೆಯ ಸಭೆಯೊಂದರಲ್ಲಿ ಒಬ್ಬರು ಹೇಳಿದರು: ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ಇಂಥ ಕೇಂದ್ರ ನಡೆಸುವ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ ಅಂತ. ಮಾದಕ ವಸ್ತು ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಎಂದು ಅದರ ಹೆಸರು, 2018ರಲ್ಲಿ ಶುರುವಾದದ್ದು. ಅದೇ ಸಚಿವಾಲಯ ಏಮ್ಸ್ ಮೂಲಕ ಮಾಡಿಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಗುತ್ತದೆ, ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆಯುವವರು 180ರಲ್ಲಿ ಒಬ್ಬರು ಅಂತ ಅದರಲ್ಲಿದೆ. ಆ 180ರ ಲೆಕ್ಕ ಓದಿದಾಗ ನನಗೆ ನನ್ನ ನೋಟ್‌ಬುಕ್ ನೆನಪಾಯಿತು. ಅದರಲ್ಲಿ ಆಗ 212 ಹೆಸರಿತ್ತು. ಅಡ್ಮಿಟ್ ಆದವರು ಏಳು ಜನ.

2022ರ ಜೂನಿನಲ್ಲಿ ಕಾಗದ ಜೋಡಿಸಲು ಕೂತೆವು. ಎರಡು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ.

ಮೊದಲ ಏಟು ನಮ್ಮ ಟ್ರಸ್ಟ್ ಡೀಡಿನಿಂದಲೇ ಬಿತ್ತು. ಉದ್ದೇಶಗಳ ಪುಟದಲ್ಲಿ ಶಿಕ್ಷಣ, ಕ್ರೀಡೆ, ಸಂಸ್ಕೃತಿ ಎಲ್ಲ ಇತ್ತು. ವ್ಯಸನ, ಮಾನಸಿಕ ಆರೋಗ್ಯ, ಚಿಕಿತ್ಸೆ ಎಂಬ ಒಂದು ಶಬ್ದವೂ ಇರಲಿಲ್ಲ. ತಿದ್ದುಪಡಿ ಪತ್ರ ಮಾಡಿಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕಾಯಿತು. ಐವರು ಟ್ರಸ್ಟಿಗಳಲ್ಲಿ ಒಬ್ಬರು ಮಗಳ ಮನೆಗೆ ಪುಣೆಗೆ ಹೋಗಿದ್ದರು, ಅವರು ಬರುವ ತನಕ ಆರು ವಾರ ಕಾದೆವು. ಹೊಸದಾಗಿ ಟ್ರಸ್ಟ್ ಮಾಡುವವರು ಇದನ್ನು ಮೊದಲೇ ಬರೆಸಿಕೊಳ್ಳಿ.

ಎರಡನೆಯದು ಹೆಸರು. ಡೀಡಿನಲ್ಲಿ ನಮ್ಮ ಟ್ರಸ್ಟಿನ ಹೆಸರಿನ ಮುಂದೆ ‘ಶ್ರೀ’ ಇದೆ. ಪ್ಯಾನ್ ಕಾರ್ಡಿನಲ್ಲಿ ಇಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಟ್ರಸ್ಟ್’ ಬದಲು ‘ಟ್ರಸ್ಟ್ (ರಿ)’. ನಮಗೆ ಇದು ಏನೂ ಅಲ್ಲ. ಆದರೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ನಂಬರು ಪಡೆಯುವಾಗ ಪ್ಯಾನ್ ಹೆಸರು ಹೊಂದಬೇಕು. ಆ ನಂಬರಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಹಣ ಬರುವ ಪಿಎಫ್‌ಎಂಎಸ್ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು ಹೊಂದಬೇಕು. ಮೂರನ್ನೂ ಒಂದೇ ಮಾಡಲು ನಾಲ್ಕು ತಿಂಗಳು. ಜೆರಾಕ್ಸ್ ಅಂಗಡಿಯವನು ನನ್ನನ್ನು ನೋಡಿದರೆ ಸಾಕು, ‘ಮತ್ತೆ ಅದೇ ಸೆಟ್ಟಾ ಅಕ್ಕೋರೆ?’ ಅನ್ನುತ್ತಿದ್ದ. ಅರ್ಜಿಗೆ ಕೈ ಹಾಕುವ ಮೊದಲು ಡೀಡ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಒಂದು ಚುಕ್ಕೆ ವ್ಯತ್ಯಾಸ ಇದ್ದರೂ ಮೊದಲು ಅದನ್ನು ಸರಿ ಮಾಡಿಸಿ.

ಮೂರು ವರ್ಷದ ಆಡಿಟ್ ವರದಿ ಕೇಳುತ್ತಾರೆ. ನಮ್ಮ ಲೆಕ್ಕ ಶುದ್ಧವಾಗಿತ್ತು, ಆದರೆ ಆಡಿಟ್ ಆಗಿರಲಿಲ್ಲ. ವರ್ಷಕ್ಕೆ ಮೂವತ್ತು ನಲವತ್ತು ಸಾವಿರದ ವ್ಯವಹಾರಕ್ಕೆ ಆಡಿಟ್ ಯಾಕೆ ಅಂದುಕೊಂಡಿದ್ದೆವು. ಕುಮಟೆಯ ಆಡಿಟರ್ ಒಬ್ಬರು ಹಳೆಯ ರಸೀದಿಗಳನ್ನೆಲ್ಲ ನೋಡಿ ಮಾಡಿಕೊಟ್ಟರು. 18,000 ರೂಪಾಯಿ ಆಯಿತು. ಟ್ರಸ್ಟಿಗೆ ಆದಾಯ ತೆರಿಗೆ ವಿನಾಯಿತಿ ಕೊಡುವ 12ಎ ನೋಂದಣಿಯ ನಿಯಮ 2021ರಿಂದ ಬದಲಾಗಿದೆ, ಹಳೆಯ ಪ್ರಮಾಣಪತ್ರ ಇದ್ದವರೂ ಮತ್ತೆ ಅರ್ಜಿ ಹಾಕಬೇಕಿತ್ತು. ನಾವು ಹಾಕಿರಲಿಲ್ಲ. ಅದನ್ನೂ ಅವರೇ ಸರಿ ಮಾಡಿದರು.

ಇಷ್ಟಾಗುವಾಗ 2023ರ ಬೇಸಿಗೆ. ಕಟ್ಟಡದ ವಿಷಯ ಇನ್ನೂ ಬಾಕಿ.

ಊರಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ಒಂದು ಹಳೆಯ ಖಾಸಗಿ ಹೆರಿಗೆ ಆಸ್ಪತ್ರೆ ಹತ್ತು ವರ್ಷದಿಂದ ಮುಚ್ಚಿತ್ತು. ಗಾಳಿ ಬೆಳಕು ಚೆನ್ನಾಗಿದೆ, ಸುತ್ತ ಗೇರು ಮರ, ಸ್ವಂತ ಬಾವಿ. ಡಾಕ್ಟರರ ಮಕ್ಕಳು ಬಹಳ ಒಳ್ಳೆಯವರು, ಕಡಿಮೆ ಬಾಡಿಗೆಗೆ ಹತ್ತು ವರ್ಷಕ್ಕೆ ಕೊಡಲು ಒಪ್ಪಿದರು. ಕರಾರು ಬರೆಸಲು ಹೋದಾಗ ಗೊತ್ತಾಯಿತು, ಜಾಗ ಇನ್ನೂ ಅವರ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ಹೋಗಿ ಮೂವತ್ತು ವರ್ಷವಾಗಿದೆ. ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಜಾಗ ವಾರಸುದಾರರ ಹೆಸರಿಗೆ ಬರಬೇಕು, ಪಂಚಾಯಿತಿಯ ಇ-ಸ್ವತ್ತು ದಾಖಲೆ ಆಗಬೇಕು, ಆಮೇಲೆ ಕರಾರು. ಮಕ್ಕಳಲ್ಲಿ ಒಬ್ಬರು ಮುಂಬೈಯಲ್ಲಿ, ಒಬ್ಬರು ಮಡಗಾವಿನಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ. ವಂಶಾವಳಿ, ಮರಣ ಪತ್ರ, ಮೂವರ ಸಹಿ. ಏಳು ತಿಂಗಳು ಹೋಯಿತು. ಈ ಏಳು ತಿಂಗಳಲ್ಲಿ ನಾನು ನಿಜವಾಗಿ ಕೈ ಚೆಲ್ಲಿದ್ದೆ. ಒಂದು ಮಧ್ಯಾಹ್ನ ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂತು ಅತ್ತಿದ್ದೂ ಇದೆ. ಒಳಗೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಅನ್ನುವ ಉತ್ತರ ಆವತ್ತಿಗೆ ಐದನೇ ಸಲ ಬಂದಿತ್ತು.

ಕಟ್ಟಡ ನೋಡುವಾಗ ಕಿಟಕಿ ಬಾಗಿಲಿಗಿಂತ ಮೊದಲು ಅದರ ಕಾಗದ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಈಗ ತುಂಬಾ ಮುಖ್ಯವಾದ ಮಾತು. ಅನುದಾನ ಬೇರೆ, ಕೇಂದ್ರ ನಡೆಸುವ ಪರವಾನಗಿ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮದ್ಯ, ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಯೂ ಅದರ ಪ್ರಕಾರ ಮಾನಸಿಕ ಕಾಯಿಲೆಯೇ. ಅಂದಮೇಲೆ ಕುಡಿತ ಬಿಡಿಸಲು ಜನರನ್ನು ಉಳಿಸಿಕೊಳ್ಳುವ ಜಾಗವೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಮೊದಲು ತಾತ್ಕಾಲಿಕ ನೋಂದಣಿ, ಅದು 12 ತಿಂಗಳಿಗೆ. ಇದು ಗೊತ್ತಿಲ್ಲದೆ ಬೋರ್ಡ್ ಹಾಕಿ ಕುಳಿತವರು ಬಹಳ ಜನ ಇದ್ದಾರೆ. ನಾವು ಅನುದಾನದ ಅರ್ಜಿ ಹಾಕುವ ಮೊದಲೇ ಇದನ್ನು ಮಾಡಿಸಿದೆವು. ತಪಾಸಣೆಯ ದಿನ ಮೊದಲು ಕೇಳಿದ್ದೇ ಅದನ್ನು.

ಅದಕ್ಕೆ ಮನೋವೈದ್ಯರು ಬೇಕು. ನಮ್ಮ ಜಿಲ್ಲೆಯಲ್ಲಿ ಅದೇ ಕಷ್ಟ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಒಂದು ಮಂಗಳವಾರ ಅಲ್ಲಿ ಟೋಕನ್ ತೆಗೆದುಕೊಂಡು ರೋಗಿಗಳ ಜೊತೆಗೇ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂದಾಗ ಡಾಕ್ಟರು ‘ಏನು ತೊಂದರೆ ಅಮ್ಮ?’ ಅಂದರು. ನೋಟ್‌ಬುಕ್ ಅವರ ಮುಂದೆ ಇಟ್ಟೆ. ಹಿಂದೆ ಇನ್ನೂ ಇಪ್ಪತ್ತು ಜನ ಇದ್ದರು, ಆದರೂ ಡಾಕ್ಟರು ಎರಡು ಪುಟ ತಿರುವಿ, ‘ಇವರನ್ನೆಲ್ಲ ನೀವೇ ಬರೆದಿಟ್ಟದ್ದಾ? ಮೂರು ಗಂಟೆಗೆ ಬನ್ನಿ, ಕೂತು ಮಾತಾಡೋಣ’ ಅಂದರು. ಅವರ ಮೂಲಕವೇ ಕಾರವಾರದ ಇನ್ನೊಬ್ಬ ಮನೋವೈದ್ಯರ ಪರಿಚಯ ಆಯಿತು. ಅವರು ಈಗ ವಾರಕ್ಕೆ ಎರಡು ದಿನ ಬರುತ್ತಾರೆ. ನರ್ಸ್ ಕೆಲಸಕ್ಕೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೇ ಸಿಕ್ಕಳು, ಮಂಗಳೂರು ಬಿಟ್ಟು ಬಂದಳು. ಆಪ್ತಸಮಾಲೋಚಕರು ಇಬ್ಬರು. ಕುಡಿತ ಬಿಟ್ಟು ನೆಲೆ ನಿಂತವರೇ ಹೊಸಬರ ಜೊತೆ ಕೂತು ಮಾತಾಡುವ ಒಂದು ಹುದ್ದೆ ಈ ಯೋಜನೆಯಲ್ಲಿದೆ, ಅದಕ್ಕೆ ಬೇಲೆಕೇರಿ ಕಡೆಯವರೊಬ್ಬರು ಬಂದರು. ಹೊಸದಾಗಿ ಸೇರಿದ ಹುಡುಗರು ನನ್ನ ಎದುರು ಬಾಯಿ ಬಿಡುವುದಿಲ್ಲ, ಅವರ ಎದುರು ಬಿಡುತ್ತಾರೆ.

ಕಟ್ಟಡ ರಿಪೇರಿಗೆ 2 ಲಕ್ಷ 40 ಸಾವಿರ ಖರ್ಚಾಯಿತು. ಬಚ್ಚಲಿನ ಚಿಲಕಗಳನ್ನೆಲ್ಲ ತೆಗೆಸಿ ಹೊರಗಿನಿಂದಲೂ ತೆರೆಯಲು ಬರುವಂಥದ್ದು ಹಾಕಿಸಿದೆವು. ಕೋಣೆಗಳಲ್ಲಿ ಹಳೆಯ ಕಾಲದ ತೊಟ್ಟಿಲ ಕೊಕ್ಕೆಗಳಿದ್ದವು, ಹೆರಿಗೆ ಆಸ್ಪತ್ರೆ ಅಲ್ವಾ. ಮನೋವೈದ್ಯರು ಬಂದವರೇ ಮೇಲೆ ನೋಡಿ, ‘ಮೊದಲು ಇವನ್ನು ಕೊಯ್ಯಿಸಿ’ ಅಂದರು. ಯಾಕೆ ಅಂತ ಕೇಳುವ ಅಗತ್ಯ ಬರಲಿಲ್ಲ. ವೆಲ್ಡಿಂಗ್ ಹುಡುಗ ಏಣಿ ಹತ್ತಿ ಒಂದೊಂದಾಗಿ ಕೊಯ್ದ. ಹನ್ನೊಂದು ಕೊಕ್ಕೆ. ಅದರಲ್ಲಿ ಒಂದರ ಕೆಳಗೆ ನನ್ನ ತಮ್ಮ ಹುಟ್ಟಿದ್ದ.

2024ರ ಫೆಬ್ರವರಿಯಲ್ಲಿ ಸಚಿವಾಲಯದ ಇ-ಅನುದಾನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದೆವು. ಸ್ಕ್ಯಾನ್ ಮಾಡಿದ ಪುಟಗಳು ದೊಡ್ಡದಾದರೆ ಅಪ್‌ಲೋಡ್ ಆಗುವುದಿಲ್ಲ, ಸಣ್ಣದು ಮಾಡಿದರೆ ಸೀಲು ಕಾಣುವುದಿಲ್ಲ. ನಮ್ಮ ಊರಲ್ಲಿ ನೆಟ್‌ವರ್ಕ್ ಬೇರೆ ಹೋಗಿ ಬಂದು ಮಾಡುತ್ತದೆ. ಲೆಕ್ಕದ ಹುಡುಗ ಅಂಕೋಲೆ ಪೇಟೆಯಲ್ಲಿ ಗೆಳೆಯನ ಅಂಗಡಿಯಲ್ಲಿ ಕೂತು ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿದ. ಪ್ರತಿ ಕಾಗದದ ಮೂಲ ಪ್ರತಿ, ಎರಡು ಜೆರಾಕ್ಸ್, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಡಿ. ನಮ್ಮ ಮಳೆಗೆ ಕಬ್ಬಿಣದ ಬೀರುವಿನಲ್ಲಿಟ್ಟ ಕಾಗದವೂ ಬೂಷ್ಟು ಹಿಡಿಯುತ್ತದೆ. ನನ್ನ ಮೊದಲ ನೋಟ್‌ಬುಕ್ಕಿನ ಹತ್ತು ಪುಟ ಹಾಗೇ ಒಂದಕ್ಕೊಂದು ಅಂಟಿ ಹೋಗಿತ್ತು, ಅಕ್ಕಿ ಡಬ್ಬಿಯಲ್ಲಿಟ್ಟು ಒಣಗಿಸಿ ಬಿಡಿಸಿದೆ. ಈಗ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ.

ಆಮೇಲೆ ಕಾಯುವುದು. ಅರ್ಜಿ ಜಿಲ್ಲೆಯಲ್ಲಿ ತಪಾಸಣೆ ಆಗಿ, ರಾಜ್ಯದ ಶಿಫಾರಸು ಪಡೆದು, ದೆಹಲಿಗೆ ಹೋಗಬೇಕು. ಏಪ್ರಿಲ್, ಮೇ ಚುನಾವಣೆಯಲ್ಲಿ ಹೋಯಿತು. ತಪಾಸಣೆಗೆ ಜುಲೈ ಮೂರನೇ ವಾರದ ದಿನ ಗೊತ್ತಾಗಿತ್ತು. ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಮುಚ್ಚಿತು, ಗಂಗಾವಳಿ ನದಿಯಲ್ಲಿ ಜನರನ್ನು ಹುಡುಕುತ್ತಿದ್ದರು. ಜಿಲ್ಲೆಯ ಅಧಿಕಾರಿಗಳೆಲ್ಲ ಅಲ್ಲೇ. ಆ ದಿನಗಳಲ್ಲಿ ನಮ್ಮ ಫೈಲಿನ ಬಗ್ಗೆ ಕೇಳಲು ಮನಸ್ಸೂ ಬರಲಿಲ್ಲ, ಕೇಳುವುದು ಸರಿಯೂ ಅಲ್ಲ. ನಮ್ಮ ಆಪ್ತಸಮಾಲೋಚಕರಿಬ್ಬರೂ ಹದಿನೈದು ದಿನ ಶಿರೂರು, ಉಳುವರೆ ಕಡೆಯ ಮನೆಗಳಿಗೆ ಹೋಗಿ ಬಂದರು. ರಾತ್ರಿ ಮಳೆ ಸದ್ದಿಗೇ ಬೆಚ್ಚಿ ಎದ್ದು ಕೂರುವ ಮಕ್ಕಳು, ಮಾತೇ ಬಿಟ್ಟ ಒಬ್ಬ ಅಜ್ಜಿ.

ತಪಾಸಣೆ ಆದದ್ದು ಸೆಪ್ಟೆಂಬರಿನಲ್ಲಿ. ತಂಡದವರು ಮೂವರು ಬಂದರು. ಹಾಸಿಗೆ ಎಣಿಸಿದರು, ನಲ್ಲಿ ತಿರುಗಿಸಿದರು, ಔಷಧಿಯ ಬೀರುವಿಗೆ ಬೀಗ ಇದೆಯಾ ನೋಡಿದರು, ಫೋಟೋ ತೆಗೆದರು. ಸಿಬ್ಬಂದಿಯನ್ನು ಒಬ್ಬೊಬ್ಬರನ್ನೇ ಕರೆದು ಸಂಬಳ ಎಷ್ಟು, ಬ್ಯಾಂಕಿಗೆ ಬರುತ್ತದಾ ಕೇಳಿದರು. ಕೊನೆಗೆ ಹಿರಿಯರೊಬ್ಬರು, ‘ನೀವು ಈ ಕೆಲಸ ಯಾವಾಗಿಂದ ಮಾಡ್ತಿದ್ದೀರಿ, ಅದಕ್ಕೆ ದಾಖಲೆ ಏನಿದೆ?’ ಅಂದರು. ನಾಲ್ಕು ನೋಟ್‌ಬುಕ್ ತಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದುತ್ತಾ ಹೋದರು. ಹೆಸರು ಕಾಣದ ಹಾಗೆ ಕಾಗದದ ಪಟ್ಟಿಯೊಂದನ್ನು ಪುಟದ ಎಡಬದಿಗೆ ನಾನೇ ಇಟ್ಟುಕೊಟ್ಟಿದ್ದೆ, ರೋಗಿಯ ಗುಟ್ಟು ಕಾಯಬೇಕು ಅಂತ ಕಾಯ್ದೆಯೇ ಹೇಳುತ್ತದೆ. 2020ರ ಏಪ್ರಿಲ್ ಪುಟಗಳ ಹತ್ತಿರ ಅವರು ನಿಧಾನವಾದರು. ಆಮೇಲೆ ಏನೂ ಕೇಳಲಿಲ್ಲ.

ಇನ್ನು ಹಣದ ಮಾತು. ಅನುದಾನ ಬಂದ ಮೇಲೆ ಕೇಂದ್ರ ಶುರು ಮಾಡೋಣ ಅಂದುಕೊಳ್ಳಬೇಡಿ. ನಡೆಯುತ್ತಿರುವ ಕೇಂದ್ರವನ್ನೇ ಅವರು ನೋಡುವುದು. ನಾವು 2024ರ ಜೂನಿನಲ್ಲಿ ಆರು ಹಾಸಿಗೆಯಿಂದ ಶುರು ಮಾಡಿದೆವು. ಅನುದಾನ ಬರುವ ತನಕದ ಒಂಬತ್ತು ತಿಂಗಳ ಸಂಬಳ, ಬಾಡಿಗೆ, ಔಷಧಿ, ಊಟ ಎಲ್ಲ ನಾವೇ ನೋಡಿಕೊಂಡೆವು. ನನ್ನ ನಿವೃತ್ತಿ ಹಣದಲ್ಲಿ ಮೂರು ಲಕ್ಷ ಹೋಯಿತು. ಮೀನುಗಾರ ಹೆಂಗಸರ ಸ್ವಸಹಾಯ ಸಂಘಗಳು ವಾರಕ್ಕೆ ಒಬ್ಬೊಬ್ಬರು ಹತ್ತು ರೂಪಾಯಿ ಎತ್ತಿ ಕೊಟ್ಟವು. ಮುಂಬೈಯಲ್ಲಿರುವ ನಮ್ಮ ಊರಿನವರು ಮಂಚ ಕೊಡಿಸಿದರು. ಆದರೂ ಎರಡು ತಿಂಗಳ ಸಂಬಳ ತಡವಾಯಿತು. ನರ್ಸ್ ಹುಡುಗಿ ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ, ನನಗೇ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಒಂದು ವರ್ಷದ ಖರ್ಚು ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ನಡುವೆ ಬಾಗಿಲು ಮುಚ್ಚಿದರೆ ಒಳಗಿದ್ದವರನ್ನು ಎಲ್ಲಿಗೆ ಕಳಿಸುತ್ತೀರಿ?

ಕಚೇರಿಗಳಲ್ಲಿ ಲಂಚ ಕೇಳಿದರಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಕಡೆ ಒಬ್ಬ ಮಧ್ಯವರ್ತಿ ‘ಪರ್ಸೆಂಟೇಜ್ ಕೊಟ್ಟರೆ ಒಂದು ತಿಂಗಳಲ್ಲಿ ಮಾಡಿಸುತ್ತೇನೆ’ ಅಂತ ಮನೆಗೇ ಬಂದಿದ್ದ. ಚಹಾ ಕೊಟ್ಟು ಕಳಿಸಿದೆ. ಅದೇ ವಾರ ಬೇರೊಂದು ಕಚೇರಿಯ ಗುಮಾಸ್ತೆಯೊಬ್ಬಳು ತನ್ನ ಊಟದ ಹೊತ್ತಿನಲ್ಲಿ ಕೂತು ನಮ್ಮ ಬಜೆಟ್ ಪಟ್ಟಿಯ ತಪ್ಪುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟಳು. ಅವಳ ಅಪ್ಪ ಕುಡಿತದಿಂದಲೇ ಹೋದವರಂತೆ.

ಮಂಜೂರಾತಿ ಪತ್ರ ಮಾರ್ಚ್ ಮೊದಲ ವಾರ ಬಂತು. ಅದರ ಜೊತೆಗೆ ಷರತ್ತುಗಳು. ಸ್ಟ್ಯಾಂಪ್ ಪೇಪರಿನಲ್ಲಿ ಬಾಂಡ್ ಬರೆದುಕೊಡಬೇಕು. ಅನುದಾನಕ್ಕೆ ಬೇರೆಯೇ ಬ್ಯಾಂಕ್ ಖಾತೆ. ಆ ಖಾತೆಯಲ್ಲಿ ಬಿದ್ದ ಬಡ್ಡಿ ನಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಹೋಗಬೇಕು. ಆ ಹಣದಲ್ಲಿ ಕೊಂಡ ಮಂಚ, ಫ್ರಿಜ್ ಎಲ್ಲ ದಾಸ್ತಾನು ಪುಸ್ತಕದಲ್ಲಿ ಬರಬೇಕು, ಕೇಳದೆ ಮಾರುವ ಹಾಗಿಲ್ಲ. ಖರ್ಚಾದ ಮೇಲೆ ಸರ್ಕಾರದ ಹಣಕಾಸು ನಿಯಮದ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು, ಆಡಿಟರ್ ಸಹಿ ಸಮೇತ. ಅದು ಹೋಗದೆ ಮುಂದಿನ ಹಣ ಬರುವುದಿಲ್ಲ. ನಾವು ಪ್ರತಿ ಬಿಲ್ಲಿನ ಹಿಂದೆ ಅನುದಾನದ್ದೋ ದೇಣಿಗೆಯದ್ದೋ ಅಂತ ಕೆಂಪು, ನೀಲಿ ಪೆನ್ನಿನಲ್ಲಿ ಅಂದೇ ಬರೆಯುತ್ತೇವೆ. ವರ್ಷದ ಕೊನೆಗೆ ಕೂತು ನೆನಪು ಮಾಡಿಕೊಳ್ಳಲು ಹೋದರೆ ಖಂಡಿತ ತಪ್ಪುತ್ತದೆ.

ಬರುವ ಮನೆಯವರಿಗೂ ಎರಡು ಮಾತು. ‘ಅಕ್ಕೋರೆ, ಕಟ್ಟಿ ಹಾಕಿಯಾದ್ರೂ ಇಟ್ಕೊಳ್ಳಿ, ಎಂತ ಮಾಡೂದು, ಸಾಕಾಗಿ ಹೋಯ್ತು’ ಅನ್ನುತ್ತಾರೆ ತಾಯಂದಿರು. ಕಟ್ಟಿ ಹಾಕುವುದು ನಮ್ಮಲ್ಲಿಲ್ಲ. ಬಂದವರು ತಾವೇ ಒಪ್ಪಿ ಸಹಿ ಮಾಡಿ ಸೇರಬೇಕು. ಒಪ್ಪುವ ಸ್ಥಿತಿಯಲ್ಲೇ ಇಲ್ಲದಷ್ಟು ಕಾಯಿಲೆ ಇದ್ದರೆ, ಅವರ ಪರವಾಗಿ ಹೆಸರಿಸಿದ ಪ್ರತಿನಿಧಿ ಕೇಳಿದಾಗ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಸರಿ ಅಂದರೆ ಮಾತ್ರ, ಅದೂ ಮೊದಲಿಗೆ 30 ದಿನದ ತನಕ. ಇನ್ನು ಕೆಲವರು ‘ಗೊತ್ತಾಗದ ಹಾಗೆ ಸಾರಿಗೆ ಹಾಕುವ ಮದ್ದು ಕೊಡಿ’ ಅಂತ ಕೇಳುತ್ತಾರೆ. ಆ ಮಾತ್ರೆ ತಿಂದದ್ದು ಗೊತ್ತಿಲ್ಲದೆ ಕುಡಿದರೆ ಜೀವಕ್ಕೇ ಅಪಾಯ. ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಮೈ ಸುಡುವುದು, ಫಿಟ್ಸ್, ಇಲ್ಲದ್ದು ಕಾಣುವುದು ಇದ್ದರೆ ನಮ್ಮಲ್ಲಿಗಲ್ಲ, ಮೊದಲು ಆಸ್ಪತ್ರೆಗೆ ಹೋಗಿ. ಅಲ್ಲಿ ಸುಧಾರಿಸಿದ ಮೇಲೆ ನಮ್ಮಲ್ಲಿಗೆ ಕರೆತನ್ನಿ. ರಾತ್ರಿ ಯಾರ ಹತ್ತಿರ ಕೇಳುವುದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಿಂದ ಇದೆ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾದಕ ವಸ್ತು, ಕುಡಿತದ ಬಗ್ಗೆ ಮಾತ್ರ ಕೇಳುವುದಿದ್ದರೆ 14446.

ಇದನ್ನು ಬರೆಯುವಾಗ 2025ರ ಮೇ ಕೊನೆಯ ವಾರ. ಜೂನ್ 1ರಿಂದ ಜುಲೈ 31ರ ತನಕ ಬೋಟುಗಳು ನೀರಿಗೆ ಇಳಿಯುವುದಿಲ್ಲ. ಕೆಲಸ ಇಲ್ಲದ 61 ದಿನ. ಹೋದ ವರ್ಷ ಈ ಹೊತ್ತಿನಲ್ಲೇ ನೋಟ್‌ಬುಕ್ ತುಂಬಿದ್ದು. ಇವತ್ತು 15ರಲ್ಲಿ ಹನ್ನೊಂದು ಹಾಸಿಗೆಯಲ್ಲಿ ಜನ ಇದ್ದಾರೆ. ಉಳಿದ ನಾಲ್ಕರ ಚಾದರ ಬೆಳಿಗ್ಗೆ ಒಗೆಸಿ ಗೇರು ಮರದ ಬುಡದಲ್ಲಿ ಒಣ ಹಾಕಿದ್ದೇವೆ. ಪಡುವಣದಲ್ಲಿ ಮೋಡ ಕಟ್ಟಿದೆ, ಮಳೆ ಬರುವ ಮೊದಲು ಒಳಗೆ ತರಬೇಕು.